ಖಾಲಿ ತೋಟೆಯ ಸಾಕ್ಷಿ

1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಕುಲುಮೆಗಳಿಗೆ ಬಿಡುವೇ ಇರಲಿಲ್ಲ. ಸೈನ್ಯಕ್ಕೆ ಬೇಕಾದ 1903ರ ಮಾದರಿಯ ರೈಫಲ್‌ಗಳು ಅಲ್ಲಿ ತಯಾರಾಗುತ್ತಿದ್ದವು. ರೈಫಲ್‌ನ ನಡುಭಾಗವಾದ ರಿಸೀವರ್ ಅನ್ನು ಉಕ್ಕು ಕಾಯಿಸಿ ಬಡಿದು ಮಾಡಬೇಕು. ಉಕ್ಕು ಹದಕ್ಕೆ ಬಂತೇ ಎಂದು ಹೇಳುತ್ತಿದ್ದವರು ವರ್ಷಗಟ್ಟಲೆ ಕುಲುಮೆಯ ಮುಂದೆ ನಿಂತು ಪಳಗಿದ ಕೆಲಸಗಾರರು. ಅವರ ಅಳತೆಗೋಲು ಕಣ್ಣು. ಕೆಂಡದ ಬಣ್ಣ ನೋಡಿಯೇ ಅವರು ಹದ ಹೇಳುತ್ತಿದ್ದರು.

ಅದೇ ವರ್ಷ ರೈಫಲ್‌ಗಳು ಸಿಪಾಯಿಗಳ ಕೈಯಲ್ಲಿ ಒಡೆದವು. ತನಿಖೆಗೆಂದು ಕುಲುಮೆಗೆ ಶಾಖ ಅಳೆಯುವ ಉಪಕರಣ ತಂದು ಇಟ್ಟಾಗ ಹೊರಬಿದ್ದ ಸಂಗತಿಯನ್ನು ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಮುಂದೆ ತಮ್ಮ ಪುಸ್ತಕದಲ್ಲಿ ದಾಖಲಿಸಿದರು. ಮೋಡ ಕವಿದ ದಿನ ಸರಿಯಾದ ಹದ ಎಂದು ಕಣ್ಣು ಒಪ್ಪಿದ ಬಣ್ಣಕ್ಕೂ ಬಿಸಿಲು ತುಂಬಿದ ದಿನ ಅದೇ ಕಣ್ಣು ಒಪ್ಪಿದ ಬಣ್ಣಕ್ಕೂ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ವ್ಯತ್ಯಾಸ ಇತ್ತು. ಬಿಸಿಲಿನ ಬೆಳಕಿನಲ್ಲಿ ಕೆಂಡ ಮಂಕಾಗಿ ಕಂಡು, ಉಕ್ಕನ್ನು ಅತಿಯಾಗಿ ಕಾಯಿಸಿದ್ದರು. ಹಾಗೆ ಸುಟ್ಟ ಉಕ್ಕು ಗಾಜಿನಂತೆ ಪೆಡಸಾಗಿ, ಪೆಟ್ಟು ಬಿದ್ದರೆ ಚೂರಾಗುತ್ತಿತ್ತು. 1917ರಿಂದ 1929ರವರೆಗೆ ಒಡೆದ 68 ರೈಫಲ್‌ಗಳ ಪಟ್ಟಿಯನ್ನು ಹ್ಯಾಚರ್ ಕೊಡುತ್ತಾರೆ. ಸ್ಪ್ರಿಂಗ್‌ಫೀಲ್ಡ್‌ನ 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆಯ ರೈಫಲ್ ಎಂದರೆ ಇವತ್ತಿಗೂ ತಿಳಿದವರು ಗುಂಡು ಹಾರಿಸದೆ ಗೋಡೆಗೆ ತೂಗುಹಾಕುತ್ತಾರೆ.

ತಮ್ಮ ತೋಟೆಯನ್ನು ತಾವೇ ತುಂಬಿಕೊಳ್ಳುವವರು ಈ ಕಥೆಯನ್ನು ಮರೆಯುವಂತಿಲ್ಲ. ಅಮೆರಿಕ ಮತ್ತು ಯುರೋಪಿನಲ್ಲಿ ಇಂಥವರು ಬಹಳ ಜನ ಇದ್ದಾರೆ. ಹಾರಿಸಿ ಉಳಿದ ಹಿತ್ತಾಳೆಯ ಖಾಲಿ ತೋಟೆಗೆ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಒತ್ತಿ ಮತ್ತೆ ಬಳಸುತ್ತಾರೆ. ಕುದುರೆ ಎಳೆದ ಮೇಲೆ ಒಳಗೆ ಏಳುವ ಒತ್ತಡ ಹುಟ್ಟಿ ಇಳಿಯಲು ಹಿಡಿಯುವ ಹೊತ್ತು ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗ. .30-06 ತೋಟೆಗೆ ಅಮೆರಿಕದ ಬಂದೂಕು ಉದ್ಯಮದ ಸಂಸ್ಥೆ ಹಾಕಿದ ಗರಿಷ್ಠ ಮಿತಿ ಚದರ ಇಂಚಿಗೆ 60,000 ಪೌಂಡ್. ಕಾರಿನ ಚಕ್ರದಲ್ಲಿ ಇರುವ ಗಾಳಿಯ ಒತ್ತಡ ಮೂವತ್ತು ಮೂವತ್ತೈದು ಪೌಂಡ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮುಖದಿಂದ ಒಂದು ಗೇಣು ದೂರದಲ್ಲಿ ಏನು ನಡೆಯುತ್ತದೆ ಎನ್ನುವುದು ಅರಿವಾಗುತ್ತದೆ. ಅದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಕಾಣುವುದು ಆಮೇಲೆ ಲೋಹದ ಮೇಲೆ ಉಳಿದ ಗುರುತು ಮಾತ್ರ. ಆ ಗುರುತನ್ನು ಓದುವ, ತಪ್ಪಾಗಿ ಓದುವ, ಮತ್ತೆ ತಿದ್ದಿಕೊಳ್ಳುವ ಕೆಲಸಕ್ಕೆ ಸುಮಾರು ಮುನ್ನೂರು ವರ್ಷಗಳ ಇತಿಹಾಸವಿದೆ.

ಮೊದಲ ಗಟ್ಟಿ ಹೆಜ್ಜೆ ಇಟ್ಟವನು ಇಂಗ್ಲೆಂಡಿನ ಬಾತ್ ಊರಿನ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ಅವನ ಫಿರಂಗಿ ವಿದ್ಯೆಯ ಪುಸ್ತಕವನ್ನು ಗಣಿತಜ್ಞ ಆಯ್ಲರ್ ಮೂರೇ ವರ್ಷದಲ್ಲಿ ಜರ್ಮನ್ ಭಾಷೆಗೆ ತಂದ. ತೂಗಾಡುವ ಭಾರವಾದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ದೂರ ತೂಗಿತು ಎನ್ನುವುದರಿಂದ ಗುಂಡಿನ ವೇಗ ಲೆಕ್ಕ ಹಾಕಿದವನು ಅವನು. ಮದ್ದು ಉರಿದು ಹುಟ್ಟುವ ಅನಿಲ ತಣ್ಣಗಾದ ಮೇಲೂ ಮದ್ದಿನ 244 ಪಟ್ಟು ಜಾಗ ಹಿಡಿಯುತ್ತದೆ, ಉರಿಯ ಶಾಖ ಸೇರಿದರೆ ಅದರ ಒತ್ತಡ ಗಾಳಿಯ ಸಾವಿರ ಪಟ್ಟು ಆಗುತ್ತದೆ ಎಂದು ಅವನ ಲೆಕ್ಕ. ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕೋಟೆಗಳ ಕೆಲಸಕ್ಕೆಂದು ಭಾರತಕ್ಕೆ ಕಳಿಸಿತು. ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ 1751ರ ಜುಲೈಯಲ್ಲಿ ಜ್ವರ ಬಂದು ಅವನು ತೀರಿಕೊಂಡ.

ಅವನು ಸತ್ತ ಮೂವತ್ತು ವರ್ಷಗಳೊಳಗೆ, ಅಲ್ಲಿಗೆ ಹೆಚ್ಚು ದೂರವಿಲ್ಲದ ಮೈಸೂರು ಸೀಮೆಯಲ್ಲಿ ಒತ್ತಡದ ಇನ್ನೊಂದು ಪಾಠ ನಡೆದಿತ್ತು. ಹೈದರ್ ಮತ್ತು ಟಿಪ್ಪುವಿನ ರಾಕೆಟ್ಟುಗಳು ಕಾಗದದ ಅಥವಾ ಬಿದಿರಿನ ಕೊಳವೆ ಬಿಟ್ಟು ಕಬ್ಬಿಣದ ಕೊಳವೆಯನ್ನು ಹಿಡಿದವು. ಕಬ್ಬಿಣ ಹೆಚ್ಚಿನ ಒತ್ತಡವನ್ನು ತಡೆದುಕೊಂಡದ್ದರಿಂದ ಅವು ಅಂದಿನ ಯುರೋಪಿನ ರಾಕೆಟ್ಟುಗಳಿಗಿಂತ ದೂರ ಹೋಗುತ್ತಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರ ಕೆಸರಿನಿಂದ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಎಷ್ಟು ಮದ್ದಿಗೆ ಎಷ್ಟು ದಪ್ಪದ ತಗಡು ಎನ್ನುವುದನ್ನು ಆ ಕಮ್ಮಾರರು ಮಾಡಿ ನೋಡಿಯೇ ಕಲಿತಿರಬೇಕು.

ಒತ್ತಡವನ್ನು ನೇರವಾಗಿ ತೂಗಲು ಹೊರಟವನು ರಮ್‌ಫೋರ್ಡ್ ಎಂಬ ವಿಜ್ಞಾನಿ. 1790ರ ದಶಕದಲ್ಲಿ ಮ್ಯೂನಿಕ್‌ನಲ್ಲಿ ಅವನು ಒಂದು ಪುಟ್ಟ ಕಬ್ಬಿಣದ ಕೊಳವೆಗೆ ಚಿಟಿಕೆ ಮದ್ದು ಹಾಕಿ, ಅದರ ಬಾಯಿಯ ಮೇಲೆ 8,000 ಪೌಂಡಿಗೂ ಹೆಚ್ಚು ತೂಗುವ ಫಿರಂಗಿಯನ್ನೇ ಹೇರಿದ. ಕೆಂಪಗೆ ಕಾಯಿಸಿದ ಕಬ್ಬಿಣದಿಂದ ಕೆಳಗಿನ ತುದಿಯನ್ನು ಮುಟ್ಟಿಸಿ ಮದ್ದನ್ನು ಹೊತ್ತಿಸಿದ. ಭಾರ ಮೇಲೆದ್ದರೆ ಒತ್ತಡ ಭಾರಕ್ಕಿಂತ ಹೆಚ್ಚು ಎಂದು ಲೆಕ್ಕ. ಪ್ರಯೋಗ ಸೊಗಸಾಗಿತ್ತು. ಆದರೆ ಒಡೆದುಹೋದ ಕೊಳವೆಯ ಬಲದಿಂದ ಅವನು ತೆಗೆದ ಸಂಖ್ಯೆ ಗಾಳಿಯ ಒತ್ತಡದ 50,000 ಪಟ್ಟನ್ನೂ ಮೀರಿತು. 1875ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ನೋಬಲ್ ಮತ್ತು ಏಬಲ್ ಮುಚ್ಚಿದ ಪಾತ್ರೆಯಲ್ಲಿ ಮದ್ದು ಉರಿಸಿ ಅಳೆದಾಗ ಸಿಕ್ಕ ಗರಿಷ್ಠ ಸುಮಾರು 6,400 ಪಟ್ಟು.

ಅಳತೆ ಬರೀ ಪಂಡಿತರ ಕುತೂಹಲವಾಗಿ ಉಳಿಯದ ಹಾಗೆ ಮಾಡಿದ್ದು ಸಾವುಗಳು. 1844ರ ಫೆಬ್ರವರಿ 28ರಂದು ವಾಷಿಂಗ್ಟನ್ ಬಳಿಯ ಪೊಟೊಮ್ಯಾಕ್ ನದಿಯಲ್ಲಿ ಪ್ರಿನ್ಸ್‌ಟನ್ ಎಂಬ ಯುದ್ಧನೌಕೆ ಗಣ್ಯರನ್ನು ಕೂರಿಸಿಕೊಂಡು ಸಾಗುತ್ತಿತ್ತು. ಅದರ 12 ಇಂಚಿನ ಫಿರಂಗಿಗೆ ‘ಶಾಂತಿದೂತ’ ಎನ್ನುವ ಅರ್ಥದ ಹೆಸರು ಇಟ್ಟಿದ್ದರು. ಪ್ರದರ್ಶನಕ್ಕೆಂದು ಹಾರಿಸುವಾಗ ಫಿರಂಗಿಯ ಹಿಂಭಾಗ ಸಿಡಿಯಿತು. ದೇಶದ ವಿದೇಶಾಂಗ ಕಾರ್ಯದರ್ಶಿ, ನೌಕಾಪಡೆಯ ಕಾರ್ಯದರ್ಶಿ ಸೇರಿ ಆರು ಜನ ಸತ್ತರು. ಕೆಳಗಿನ ಅಂತಸ್ತಿನಲ್ಲಿದ್ದ ಅಧ್ಯಕ್ಷ ಟೈಲರ್ ಬದುಕಿಕೊಂಡರು.

ದೊಡ್ಡ ಫಿರಂಗಿಗಳು ಯಾಕೆ ಒಡೆಯುತ್ತವೆ ಎಂದು ತಲೆಕೆಡಿಸಿಕೊಂಡವರಲ್ಲಿ ಥಾಮಸ್ ರಾಡ್‌ಮನ್ ಎಂಬ ಅಮೆರಿಕದ ಸೇನಾಧಿಕಾರಿಯೂ ಒಬ್ಬರು. ಫಿರಂಗಿಯ ಗೋಡೆಗೆ ತೂತು ಕೊರೆದು, ಅದರಲ್ಲಿ ಒಂದು ಪಿಸ್ಟನ್ ಕೂರಿಸಿ, ಪಿಸ್ಟನ್ನಿನ ತುದಿಗೆ ಒಂದು ಅಲಗು ಜೋಡಿಸಿದರು. ಹಾರಿಸಿದಾಗ ಅಲಗು ತಾಮ್ರದ ತುಂಡಿಗೆ ಕಚ್ಚುತ್ತದೆ. ಅಷ್ಟೇ ಉದ್ದದ ಕಚ್ಚು ಬೀಳಲು ಎಷ್ಟು ಭಾರ ಬೇಕು ಎಂದು ಆಮೇಲೆ ಯಂತ್ರದಲ್ಲಿ ಒತ್ತಿ ನೋಡಿದರೆ ಒಳಗಿನ ಒತ್ತಡ ಸಿಕ್ಕಿತು. 1860ರ ದಶಕದಲ್ಲಿ ಅದೇ ಆಂಡ್ರ್ಯೂ ನೋಬಲ್ ಅಲಗಿನ ಬದಲು ತಾಮ್ರದ ಸಣ್ಣ ಗುಂಡುಕಂಬವನ್ನು ಅದೇ ಪಿಸ್ಟನ್ನಿನ ಕೆಳಗಿಟ್ಟು, ಅದು ಎಷ್ಟು ಚಪ್ಪಟೆಯಾಯಿತು ಎಂದು ಅಳೆದರು. ಕಡ್ಡಿಯಷ್ಟು ತಾಮ್ರವೇ ಮುಂದೆ ನೂರು ವರ್ಷ ತೋಟೆ ಕಾರ್ಖಾನೆಗಳಲ್ಲಿ ಒತ್ತಡದ ಮಾಪಕವಾಗಿ ಉಳಿಯಿತು.

ಇದೇ ಕಾಲದಲ್ಲಿ ಅಮೆರಿಕದ ಬಯಲುಗಳಲ್ಲಿ ಕಾಡುಕೋಣದಂಥ ಬೈಸನ್‌ಗಳನ್ನು ಬೇಟೆಯಾಡುವವರು ರಾತ್ರಿ ಬೆಂಕಿಯ ಪಕ್ಕ ಕೂತು ತಮ್ಮ ಶಾರ್ಪ್ಸ್ ರೈಫಲ್‌ಗೆ ತೋಟೆ ತುಂಬಿಕೊಳ್ಳುತ್ತಿದ್ದರು. ಅಂಗಡಿ ದೂರ, ಹಿತ್ತಾಳೆ ದುಬಾರಿ. 1884ರಲ್ಲಿ ಜಾನ್ ಬಾರ್ಲೋ ಎಂಬಾತ ಕನೆಕ್ಟಿಕಟ್‌ನಲ್ಲಿ ಐಡಿಯಲ್ ಎಂಬ ಕಂಪನಿ ಶುರುಮಾಡಿ, ಇಕ್ಕಳದ ಆಕಾರದ ಉಪಕರಣವೊಂದರಲ್ಲೇ ಕೇಪು ತೆಗೆದು, ಕೇಪು ಕೂರಿಸಿ, ಗುಂಡು ಒತ್ತುವಂತೆ ಮಾಡಿದ. 1925ರಲ್ಲಿ ಲೈಮನ್ ಕಂಪನಿ ಅದನ್ನು ಕೊಂಡಿತು.

ಆಗಿನದು ಕಪ್ಪು ಮದ್ದು. ಮಲೆನಾಡಿನಲ್ಲಿ ಕೇಪಿನ ಕೋವಿಗೆ ಮದ್ದು ಸುರಿದು ಗಜದಿಂದ ಜಡಿಯುವವರಿಗೆ ಗೊತ್ತಿರುವಂತೆ ಅದಕ್ಕೂ ಒಂದು ಅಳತೆ ಇದೆ. ಆದರೂ ತೋಟೆಯಲ್ಲಿ ಕಪ್ಪು ಮದ್ದು ಒಂದು ರೀತಿಯಲ್ಲಿ ಸಜ್ಜನ. ಜಾಗ ತುಂಬ ಹಿಡಿಯುವುದರಿಂದ ತೋಟೆಯ ತುಂಬ ತುಂಬಿಸಿದರೂ ಅದರ ಕಾಲದ ರೈಫಲ್‌ಗೆ ಮಿತಿಯೊಳಗೇ ಇರುತ್ತಿತ್ತು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಈ ರಕ್ಷಣೆ ಹೋಯಿತು. ಮೂರು ವರ್ಷದಲ್ಲಿ ಆಲ್ಫ್ರೆಡ್ ನೊಬೆಲ್‌ನ ಬ್ಯಾಲಿಸ್ಟೈಟ್ ಬಂತು, 1889ರಲ್ಲಿ ಏಬಲ್ ಮತ್ತು ಡ್ಯೂಅರ್‌ರ ಕಾರ್ಡೈಟ್ ಬಂತು. ಹೊಸ ಮದ್ದು ಅಷ್ಟೇ ಜಾಗದಲ್ಲಿ ಹಲವು ಪಟ್ಟು ಶಕ್ತಿ ಹಿಡಿದಿಡುತ್ತದೆ. ಹಳೆಯ ಚಮಚದ ಅಭ್ಯಾಸ ಬಿಡದೆ ಅದನ್ನೂ ಅಳತೆಯ ಬಟ್ಟಲಲ್ಲಿ ತುಂಬಿ ಹಾಕಿದವರ ಕೋವಿಗಳು ಒಡೆದವು. ಇನ್ನು ಮೇಲೆ ಮದ್ದನ್ನು ತಕ್ಕಡಿಯಲ್ಲಿ ತೂಗಬೇಕಾಯಿತು, ಅದೂ ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್.

ಭಾರತದ ಬಿಸಿಲು ಈ ಕಥೆಗೆ ತನ್ನದೊಂದು ಅಧ್ಯಾಯ ಸೇರಿಸಿತು. ಕಾರ್ಡೈಟ್ ಕಾದಷ್ಟೂ ಬೇಗ ಉರಿಯುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಸರಿಯಾಗಿದ್ದ ತೋಟೆ ಇಲ್ಲಿನ ಏಪ್ರಿಲ್ ಬಿಸಿಲಿನಲ್ಲಿ ಕಾದರೆ ಒತ್ತಡ ಏರಿ, ಹಾರಿಸಿದ ಮೇಲೆ ಕೋವಿಯಲ್ಲಿ ತೋಟೆ ಕೂರುವ ಗೂಡಿನಲ್ಲೇ ಕಚ್ಚಿಕೊಳ್ಳುತ್ತಿತ್ತು. ಆನೆ ಕಾಡೆಮ್ಮೆಗಳ ಎದುರು ನಿಂತವನಿಗೆ ಎರಡನೆಯ ಗುಂಡು ತುಂಬಲಾಗದ ಕೋವಿ ಬರೀ ಕೋಲು. ಅದಕ್ಕೇ ಬ್ರಿಟಿಷ್ ತಯಾರಕರು ಭಾರತ ಮತ್ತು ಆಫ್ರಿಕಕ್ಕೆಂದು ಮದ್ದು ಕಡಿಮೆ ಮಾಡಿದ ‘ಟ್ರಾಪಿಕಲ್’ ತೋಟೆಗಳನ್ನು ಬೇರೆಯಾಗಿ ಮಾಡಿದರು. ದೊಡ್ಡ ಬೇಟೆಯ ತೋಟೆಗಳ ಕೊಳವೆಯನ್ನು ಉದ್ದವಾಗಿ, ವಿಶಾಲವಾಗಿ ಇಟ್ಟದ್ದರ ಉದ್ದೇಶವೂ ಒತ್ತಡ ಕೆಳಗೆ ಇರಲಿ ಎನ್ನುವುದೇ. 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ತೋಟೆಯ ಹೆಗಲು ಅಷ್ಟು ಇಳಿಜಾರಾಗಿರಲು ಒಂದು ಕಾರಣ, ಬಿಸಿನಾಡಿನಲ್ಲೂ ಅದು ಸಲೀಸಾಗಿ ಹೊರಬರಲಿ ಎಂಬುದು.

1921ರಲ್ಲಿ ಓಹಾಯೋದ ಕ್ಯಾಂಪ್ ಪೆರಿಯಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಗೆ ಅಮೆರಿಕದ ಸರ್ಕಾರಿ ಕಾರ್ಖಾನೆ ವಿಶೇಷ ತೋಟೆ ಕಳಿಸಿತು. ನಳಿಗೆಯೊಳಗೆ ಗುಂಡಿನ ಕವಚದ ಲೋಹ ಮೆತ್ತಿಕೊಳ್ಳದಿರಲಿ ಎಂದು ಗುಂಡುಗಳಿಗೆ ತವರ ಲೇಪಿಸಿದ್ದರು. ಸ್ಪರ್ಧಿಗಳಿಗೆ ಹಿಂದಿನಿಂದ ಇದ್ದ ರೂಢಿ ಗುಂಡಿಗೆ ಗ್ರೀಸ್ ಹಚ್ಚುವುದು. ಹಚ್ಚಬೇಡಿ ಎಂದರೂ ಕೆಲವರು ಹಚ್ಚಿದರು. ರೈಫಲ್‌ಗಳು ಒಡೆದವು. ಪೆಟ್ಟಿಗೆಯಲ್ಲಿ ಕೂತಿದ್ದಾಗಲೇ ತವರ ಹಿತ್ತಾಳೆಯ ಕತ್ತಿಗೆ ಬೆಸುಗೆ ಹಾಕಿದಂತೆ ಅಂಟಿಕೊಂಡಿತ್ತು. ಕತ್ತು ಅಗಲಿ ಗುಂಡನ್ನು ಬಿಡಬೇಕಾದ ತೆರವನ್ನು ಗ್ರೀಸ್ ತುಂಬಿತ್ತು. ಮದ್ದಿನ ತೂಕ ಸರಿಯಾಗಿಯೇ ಇದ್ದರೂ ಒತ್ತಡ ಮಿತಿ ಮೀರಿತ್ತು. ಒತ್ತಡ ಎನ್ನುವುದು ತೂಗಿ ಹಾಕಿದ ಮದ್ದೊಂದರ ಲೆಕ್ಕ ಎಂದು ತಿಳಿದವರಿಗೆ ಆ ವರ್ಷ ದೊಡ್ಡ ಪೆಟ್ಟು ಬಿತ್ತು.

ಎರಡನೆಯ ಮಹಾಯುದ್ಧದ ನಂತರ ಮನೆಯಲ್ಲಿ ತೋಟೆ ತುಂಬುವ ಹವ್ಯಾಸ ಹಬ್ಬಿತು. ಕ್ಯಾನ್ಸಾಸ್‌ನ ಬ್ರೂಸ್ ಹಾಜ್‌ಡನ್ ಸೈನ್ಯದಲ್ಲಿ ಮಿಕ್ಕಿದ 4895 ಎಂಬ ಮದ್ದನ್ನು ರಾಶಿಗಟ್ಟಲೆ ಕೊಂಡು, ಅಂಚೆಯಲ್ಲಿ ಬಂದ ಬೇಡಿಕೆಗಳಿಗೆ ಅಗ್ಗವಾಗಿ ಮಾರಿದರು. ಮನೆಯ ಹಿಂದಿನ ಶೆಡ್ಡುಗಳಲ್ಲಿ ಸಾವಿರಾರು ಜನ ತಕ್ಕಡಿ ಹಿಡಿದು ಕೂತರು. ಅವರ ಹತ್ತಿರ ತಾಮ್ರದ ಮಾಪಕ ಇರಲಿಲ್ಲ. ಇದ್ದದ್ದು ಹಾರಿಸಿದ ತೋಟೆ ಮತ್ತು ಭೂತಗನ್ನಡಿ.

ಆ ಭೂತಗನ್ನಡಿಯ ಕೆಳಗೆ ಏನೇನು ಕಾಣುತ್ತದೆ? ತೋಟೆಯ ಬೆನ್ನಿನ ನಡುವೆ ಇರುವ ಕೇಪಿನ ಅಂಚು ಮೊದಲು ದುಂಡಗಿರುತ್ತದೆ. ಒತ್ತಡ ಹೆಚ್ಚಾದರೆ ಅದು ಚಪ್ಪಟೆಯಾಗಿ ಗುಣಿಯ ಮೂಲೆ ಮೂಲೆಗೂ ಹರಡುತ್ತದೆ. ಸೂಜಿ ಹೊಡೆದ ಗುಳಿಯ ಸುತ್ತ ಜ್ವಾಲಾಮುಖಿಯ ಬಾಯಿಯಂತೆ ಅಂಚು ಏಳುತ್ತದೆ. ಇನ್ನೂ ಹೆಚ್ಚಾದರೆ ಕೇಪು ತೂತಾಗಿ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಬೋಲ್ಟಿನ ಮುಖದಲ್ಲಿ ತೋಟೆಯನ್ನು ಹೊರದಬ್ಬುವ ಕಡ್ಡಿಯ ತೂತಿದೆ. ಹಿತ್ತಾಳೆ ಆ ತೂತಿಗೆ ಹರಿದು, ಬೆನ್ನಿನ ಅಕ್ಷರಗಳ ಮೇಲೆ ಹೊಳೆಯುವ ಪುಟ್ಟ ಬಿಲ್ಲೆ ಮೂಡಿಸುತ್ತದೆ. ಬೋಲ್ಟಿನ ಹಿಡಿ ಎತ್ತಲು ಬಿಗಿಯಾಗುತ್ತದೆ. ಎರಡು ಮೂರು ಸಲ ತುಂಬಿದ ಮೇಲೆ ಹೊಸ ಕೇಪು ಬೆರಳಿನಿಂದಲೇ ಒಳಗೆ ಜಾರುವಷ್ಟು ಗುಣಿ ಸಡಿಲವಾದರೆ, ತೋಟೆಯ ಬುಡವೇ ಹಿಗ್ಗಿದೆ ಎಂದು ಅರ್ಥ.

ಕಷ್ಟ ಇರುವುದು ಇಲ್ಲಿಂದ ಮುಂದೆ. ಈ ಗುರುತುಗಳಲ್ಲಿ ಹಲವು ಸುಳ್ಳು ಹೇಳುತ್ತವೆ. ತೋಟೆಗೂ ಗೂಡಿಗೂ ನಡುವೆ ಸಡಿಲ ಜಾಗ ಹೆಚ್ಚಿದ್ದರೆ ಕೇಪು ಮೊದಲು ಹಿಂದಕ್ಕೆ ಸರಿದು, ಆಮೇಲೆ ತೋಟೆ ಹಿಂದಕ್ಕೆ ಬಂದು ಅದನ್ನು ಜಜ್ಜುತ್ತದೆ. ಒತ್ತಡ ಕಡಿಮೆ ಇದ್ದರೂ ಕೇಪು ಚಪ್ಪಟೆ. ಸೂಜಿಯ ತೂತು ಸವೆದು ದೊಡ್ಡದಾಗಿದ್ದರೆ ಸಾಧಾರಣ ತೋಟೆಯಲ್ಲೂ ಗುಳಿಯ ಅಂಚು ಏಳುತ್ತದೆ. ಒಂದು ಕಂಪನಿಯ ಕೇಪಿನ ಬಟ್ಟಲು ಮೆದು, ಇನ್ನೊಂದರದ್ದು ಗಟ್ಟಿ. ಬುಡದ ಬಳಿ ಸುತ್ತಲೂ ಹೊಳೆಯುವ ಉಂಗುರವನ್ನು ಒತ್ತಡದ ಗುರುತೆಂದು ತಿಳಿಯುವವರಿದ್ದಾರೆ. ಅದು ಬಹುಪಾಲು ಹಿತ್ತಾಳೆ ಎಳೆದು ತೆಳ್ಳಗಾಗಿ ಕಿತ್ತುಹೋಗುವ ಮುನ್ಸೂಚನೆ, ಅದರ ಮೂಲ ಗೂಡಿನ ಸಡಿಲ.

ಸುಳ್ಳು ಹೇಳುವುದಕ್ಕಿಂತ ಕೆಟ್ಟದ್ದು ತಡವಾಗಿ ಹೇಳುವುದು. ಇಂದಿನ ಗಟ್ಟಿ ಬೋಲ್ಟಿನ ರೈಫಲ್‌ನಲ್ಲಿ ಹಿತ್ತಾಳೆ ಹರಿದು ಗುರುತು ತೋರಿಸುವ ಹೊತ್ತಿಗೆ ಒತ್ತಡ ಸಾಮಾನ್ಯವಾಗಿ ಮಿತಿಯನ್ನು ದಾಟಿಯೇ ಇರುತ್ತದೆ. ಹಳೆಯ, ದುರ್ಬಲ ರೈಫಲ್‌ಗೆ ಇದು ಇನ್ನೂ ಅಪಾಯ. .30-30 ತೋಟೆಯ ಮಿತಿ 42,000 ಪೌಂಡ್. ಹಿತ್ತಾಳೆ ಅದಕ್ಕಿಂತ ಬಹಳ ಹೆಚ್ಚು ತಾಳುತ್ತದೆ. ಅಂಥ ರೈಫಲ್‌ನಲ್ಲಿ ತೋಟೆಯ ಬೆನ್ನು ಏನೂ ಆಗದಂತೆ ನುಣುಪಾಗಿದ್ದು, ರೈಫಲ್‌ನ ಬೋಲ್ಟು ಮತ್ತು ರಿಸೀವರ್ ಒಳಗೊಳಗೇ ಸೋಲುತ್ತಿರಬಹುದು.

ತಾಮ್ರದ ಮಾಪಕವೂ ಪೂರ್ತಿ ಸತ್ಯ ಹೇಳುತ್ತಿರಲಿಲ್ಲ. ತಾಮ್ರ ಜಜ್ಜಲು ಹೊತ್ತು ಬೇಕು, ಒತ್ತಡದ ತುದಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಜೆ. ಜೆ. ಥಾಮ್ಸನ್ ಅದನ್ನು ಸ್ಫೋಟದ ಒತ್ತಡ ಅಳೆಯಲು ಬಳಸುವ ದಾರಿ ತೋರಿಸಿದರು. ಅಂಥ ಹರಳಿನ ಮಾಪಕಗಳು ಕಾರ್ಖಾನೆಗೆ ಬಂದ ಮೇಲೆ ಹಳೆಯ ಅಂಕಿಗಳ ಅರ್ಥ ಬದಲಾಯಿತು. .30-06ಕ್ಕೆ ತಾಮ್ರ ಹೇಳಿದ 50,000, ಹರಳಿನ ಲೆಕ್ಕದಲ್ಲಿ 60,000. .308ಕ್ಕೆ 52,000 ಹೋಗಿ 62,000. .223ಕ್ಕೆ ತಾಮ್ರದಲ್ಲಿ ಅದೇ 52,000, ಹರಳಿನಲ್ಲಿ ಮಾತ್ರ 55,000. ಒಂದನ್ನು ಇನ್ನೊಂದಕ್ಕೆ ಬದಲಿಸುವ ಸೂತ್ರ ಇಲ್ಲ. ಎರಡು ಪದ್ಧತಿಯ ಪುಸ್ತಕಗಳನ್ನು ಬೆರೆಸಿ ಓದುವವನು ಬೇರೆ ಬೇರೆ ಊರಿನ ಕೊಳಗಗಳಲ್ಲಿ ಭತ್ತ ಅಳೆದ ಹಾಗೆ.

1960ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಲಾಯ್ಡ್ ಬ್ರೌನೆಲ್ ನಳಿಗೆಯ ಹೊರಮೈಗೆ ಹಿಗ್ಗನ್ನು ಅಳೆಯುವ ಸಣ್ಣ ಗೇಜು ಅಂಟಿಸಿ, ಒತ್ತಡ ಏರಲು ಏನೇನು ಕಾರಣ ಎಂದು ಒಂದೊಂದಾಗಿ ಬಿಡಿಸಿದರು. ಗುಂಡು ನಳಿಗೆಯ ಗೀರುಗಳಿಗೆ ಮೊದಲೇ ತಾಗಿ ಕೂತಿದ್ದರೆ ಮದ್ದು ಅಷ್ಟೇ ಇದ್ದರೂ ಒತ್ತಡ ಏರುತ್ತದೆ ಎನ್ನುವುದು ಅವರ ಅಂಕಿಗಳಲ್ಲಿ ಸ್ಪಷ್ಟವಾಗಿತ್ತು. ಇಂದು ಅನುಭವಿಗಳು ನೋಡುವ ಪಟ್ಟಿ ಹೀಗೆ ಬೆಳೆದು ಬಂದದ್ದು: ಹೊಸ ಡಬ್ಬದ ಮದ್ದು, ಬೇರೆ ಕಂಪನಿಯ ಕೇಪು, ಉದ್ದ ಬೆಳೆದ ತೋಟೆಯ ಕತ್ತು, ಗೂಡಿನಲ್ಲಿ ಉಳಿದ ಎಣ್ಣೆ, ಬಿಸಿಲಿಗೆ ಕಾದ ತೋಟೆ, ತಪ್ಪು ತೋರಿಸುವ ತಕ್ಕಡಿ. ಗುಂಡಿನ ವೇಗ ಅಳೆಯುವ ಯಂತ್ರ ಅಗ್ಗವಾದ ಮೇಲೆ ಇನ್ನೊಂದು ಸಾಕ್ಷಿ ಸಿಕ್ಕಿತು. ಪುಸ್ತಕ ಹೇಳಿದ್ದಕ್ಕಿಂತ ಗುಂಡು ವೇಗವಾಗಿ ಹೋದರೆ, ತೋಟೆಯ ಬೆನ್ನು ಎಷ್ಟೇ ಚೆನ್ನಾಗಿ ಕಂಡರೂ ಆ ವೇಗಕ್ಕೆ ಒತ್ತಡದಲ್ಲಿ ಬೆಲೆ ಕೊಟ್ಟಿರುತ್ತಾರೆ.

ಇಂಥದ್ದೊಂದು ದಿನ ಹೇಗೆ ನಡೆಯುತ್ತದೆ ಎಂದರೆ, ಇಪ್ಪತ್ತು ತೋಟೆ ತುಂಬಿಕೊಂಡು ಹೋದವನಿಗೆ ಐದನೆಯದಕ್ಕೆ ಬೋಲ್ಟು ಬಿಗಿಯಾಗುತ್ತದೆ. ತೋಟೆಯ ಬೆನ್ನಿನಲ್ಲಿ ಹೊಳೆಯುವ ಬಿಲ್ಲೆ. ಅವನು ಆರನೆಯದನ್ನು ಹಾರಿಸುವುದಿಲ್ಲ. ಮನೆಗೆ ಬಂದು, ಉಳಿದ ಹದಿನೈದನ್ನು ಒಂದೊಂದಾಗಿ ಗುಂಡು ಕಳಚುವ ಸುತ್ತಿಗೆಯಲ್ಲಿಟ್ಟು ಮೇಜಿಗೆ ಕುಟ್ಟಿ ಬಿಚ್ಚುತ್ತಾನೆ. ಮದ್ದನ್ನು ತೂಗಿದರೆ ಒಂದರಲ್ಲೂ ತಪ್ಪಿಲ್ಲ. ಆಮೇಲೆ ಖಾಲಿ ತೋಟೆಗಳನ್ನೇ ತಕ್ಕಡಿಗೆ ಹಾಕುತ್ತಾನೆ. ಈ ಸಲ ಬಳಸಿದ್ದು ಸೈನ್ಯದ ತೋಟೆ, ಹಿಂದಿನದಕ್ಕಿಂತ ಭಾರ. ಹೊರಗಿನ ಅಳತೆ ಒಂದೇ, ಒಳಗಿನ ಗೋಡೆ ದಪ್ಪ, ಮದ್ದಿಗೆ ಜಾಗ ಕಡಿಮೆ. ನೋಟ್‌ಬುಕ್ಕಿನಲ್ಲಿ ಅಂದಿನ ತಾರೀಖು, ಗಾಳಿಯ ಉಷ್ಣತೆ, ಮದ್ದಿನ ಡಬ್ಬದ ಸಂಖ್ಯೆ, ತೋಟೆಯ ತೂಕ ಬರೆದು, ಅದರ ಕೆಳಗೆ ಐದನೆಯದಕ್ಕೆ ನಿಲ್ಲಿಸಿದೆ ಎಂದು ಸೇರಿಸುತ್ತಾನೆ.